ಕೆಂಪು ಬಲೆಯೊಳಗಿನ ಕಿತ್ತಳೆ

ಇಪ್ಪತ್ತೇಳು ಪೆನ್ನು, ಇಪ್ಪತ್ತೇಳೂ ಕಿತ್ತಳೆ ಬಣ್ಣದವು. ಅಂಚೆ ಕಚೇರಿಯಿಂದ ನಿವೃತ್ತರಾದ ಮರುವಾರವೇ ಕುಸುಮೊತೊ ಯಸುಜಿ ವಕಯಾಮಾ ಪೇಟೆಗೆ ಹೋಗಿ ಅವನ್ನು ತಂದರು. ಸ್ಪಿರಿಟ್ ಮಸಿಯ ಪೆನ್ನುಗಳು. ಮುಚ್ಚಳ ತೆಗೆದರೆ ಇಂಜೆಕ್ಷನ್ ಕೊಡುವ ಕೋಣೆಯ ವಾಸನೆ. ಒಂದೊಂದಕ್ಕೂ ಒಂದು ಸಂಖ್ಯೆ. ಸಂಖ್ಯೆಯ ಪ್ರಕಾರ ಊಟದ ಮೇಜಿನ ಮೇಲೆ ಜೋಡಿಸಿಟ್ಟರು. ಅಂದಿನಿಂದ ಅವರ ಹೆಂಡತಿ ಫುಮಿಯೆ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡತೊಡಗಿದಳು.

ನಾನೂ ಫುಮಿಯೆಯೂ ಬೆಳೆಗಾರರ ಸಂಘದ ಶೆಡ್ಡಿನಲ್ಲಿ ಹಣ್ಣು ವಿಂಗಡಿಸುತ್ತ ಮೂವತ್ತೊಂದು ವರ್ಷ ಅಕ್ಕಪಕ್ಕ ನಿಂತವರು. ಬೆಲ್ಟಿನ ಮೇಲೆ ಉರುಳಿಬರುವ ಕಿತ್ತಳೆಯನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಬಣ್ಣ ನೋಡಿಯೇ ಇದು ಮೂರು ದಿನ ಮುಂಚೆ ಕಿತ್ತದ್ದು, ಇದು ಗುಡ್ಡದ ನೆರಳು ಬದಿಯದು ಎಂದು ಹೇಳಿಬಿಡುತ್ತಿದ್ದಳು. ಅವಳ ಗಂಡ ಇದೇ ಊರಲ್ಲಿ ಹುಟ್ಟಿದವರು. ಅರವತ್ತೈದು ವರ್ಷ ಕಿತ್ತಳೆ ತಿಂದಿದ್ದರು, ಒಂದನ್ನೂ ನೋಡಿರಲಿಲ್ಲ.

ಬರುವ ವರ್ಷದ ಮೊದಲ ಹಣ್ಣಿನ ರಟ್ಟಿನ ಪೆಟ್ಟಿಗೆಗೆ ಹೊಸ ಚಿತ್ರ ಬೇಕಾಗಿದೆ ಎಂದು ಸಂಘದವರು ಬರೆದ ಚೀಟಿ, ಮನೆಯಿಂದ ಮನೆಗೆ ಕೈದಾಟುವ ಸೂಚನಾ ಹಲಗೆಯ ಮೇಲೆ ಬಂತು. ಓದಿದ ಕೂಡಲೇ ಕುಸುಮೊತೊ ಅದೇ ಹಲಗೆಯ ಮೇಲೆ ಹಾಳೆ ಇಟ್ಟು ಬಣ್ಣ ಪರೀಕ್ಷೆ ಶುರುಮಾಡಿದರು. ಆ ಮಸಿ ಹಾಳೆ ದಾಟಿ ಕೆಳಗಿಳಿಯುತ್ತದೆ. ಅಡಿಯಲ್ಲಿದ್ದ, ಯಾವ ದಿನ ಯಾವ ಕಸ ಹೊರಗಿಡಬೇಕೆಂಬ ಪಟ್ಟಿಯಲ್ಲಿ, ಬಾಟಲಿಗಳ ಸಾಲಿನ ಮೇಲೆ ಐದು ಕಿತ್ತಳೆ ಚುಕ್ಕೆ ಬಿದ್ದವು. ಮುಂದಿನ ಒಂಬತ್ತು ಮನೆಯವರು ಆ ಐದು ದಿನವೂ ಖಾಲಿ ಬಾಟಲಿಗಳನ್ನು ತೊಳೆದು ಬೀದಿಗೆ ತಂದಿಟ್ಟರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಗುರುತು ಹಾಕಿದ್ದಾರೆಂದರೆ ಏನೋ ಕಾರಣ ಇದ್ದೀತು. ನಾನೂ ಇಟ್ಟೆ.

ಚಿತ್ರಕ್ಕೆ ಎದುರಿಗೊಂದು ಹಣ್ಣು ಬೇಕಲ್ಲ. ಅವರು ಬಸ್ಸು ಹತ್ತಿ ಪೇಟೆಗೆ ಹೋಗಿ, ಕೆಂಪು ಬಲೆಚೀಲದಲ್ಲಿ ಕಟ್ಟಿದ ಒಂದು ಕಿಲೋ ಕೊಂಡು ತಂದರು.

"ರೀ, ಹಿತ್ತಿಲಲ್ಲಿ ಎರಡು ಬುಟ್ಟಿ ಬಿದ್ದಿದೆ. ಈ ಊರಿಗೆ ಕಿತ್ತಳೆ ಕೊಂಡ್ಕೊಂಡು ಬಂದ್ರಾ?" ಎಂದಳು ಫುಮಿಯೆ.

"ಅವುಗಳ ಮೈಮೇಲೆಲ್ಲ ಮಚ್ಚೆ. ಚಿತ್ರಕ್ಕೆ ಕೂರೋ ಹಣ್ಣಿಗೆ ಮುಖ ಚೆನ್ನಾಗಿರಬೇಕು."

"ಸರಿ, ಬಲೆನಾದ್ರೂ ಬಿಚ್ಚಿ."

"ಬಿಚ್ಚಿದ್ರೆ ಉರುಳಿಹೋಗುತ್ತೆ. ಕಲೆ ವಿಷಯ ನಿನಗೆ ಬೇಡ ಬಿಡು."

ಬಲೆಯನ್ನು ಹಾಗೆಯೇ ಮೊಳೆಗೆ ನೇತುಹಾಕಿದರು. ಅಂಗಡಿಯವರು ಆ ಬಲೆ ಹಾಕುವುದು ಯಾಕೆಂದು ಶೆಡ್ಡಿನ ಹೆಂಗಸರಿಗೆಲ್ಲ ಗೊತ್ತು. ಕೆಂಪು ದಾರದ ನಡುವೆ ಅರೆಹಣ್ಣೂ ಪೂರಾ ಹಣ್ಣಿನಂತೆ ಕಾಣುತ್ತದೆ. ಕುಸುಮೊತೊ ಚಿತ್ರದಲ್ಲಿ ದಾರವನ್ನು ಬಿಟ್ಟರು, ಹಣ್ಣಿನ ಮೇಲೆ ಕಂಡ ದಾರದ ಕೆಂಪನ್ನು ಮಾತ್ರ ಬಿಡದೆ ಬರೆದರು.

ಕೈ ಕೆಟ್ಟದ್ದಾಗಿರಲಿಲ್ಲ, ಅದನ್ನು ಹೇಳಲೇಬೇಕು. ಮೊದಲು ತೆಳು ಬಣ್ಣ, ಅದು ಆರುವ ಮುಂಚೆ ನಡುವಿನದು, ನೆರಳು ಬದಿಗೆ ಗಾಢ, ಆಮೇಲೆ ಸೇರಿದ ಕಡೆಯೆಲ್ಲ ಮತ್ತೆ ತೆಳುವಿನಿಂದ ತೀಡಿ ಗೆರೆ ಕಾಣದಂತೆ ಮಾಡುವುದು. ಬೆಳಕು ಬಿದ್ದ ಜಾಗದಲ್ಲಿ ಬಿಳಿ ಚುಕ್ಕೆಯಷ್ಟು ಹಾಳೆ ಬಿಟ್ಟಿದ್ದರು. ಕೈಗೆತ್ತಿಕೊಳ್ಳಬೇಕು ಅನ್ನಿಸುವಷ್ಟು ದುಂಡಗಿತ್ತು. ಆದರೆ ಅದು ಕಿತ್ತಳೆ ಆಗಿರಲಿಲ್ಲ.

ಆಯ್ಕೆಯ ದಿನ ಸಂಘದ ಕೋಣೆಯಲ್ಲಿ ಏಳು ಜನ ಚಿತ್ರದ ಮುಂದೆ ಕೂತರು. ಚಹಾ ಕೊಡಲು ನಾವಿಬ್ಬರೂ ಇದ್ದೆವು.

"ಇದರಲ್ಲಿ ಶಕ್ತಿ ಇದೆ, ಕುಸುಮೊತೊ-ಸಾನ್," ಎಂದರು ಅಧ್ಯಕ್ಷ ತಮಾಕಿ.

"ಬಿಸುಪೂ ಇದೆ," ಎಂದರು ಇನ್ನೊಬ್ಬರು.

ಮೂರನೆಯವರು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, "ಬಹಳ ಶ್ರಮ ಬಿದ್ದಿದೆ," ಎಂದರು. ಉಳಿದವರು ಚಹಾದ ಬಟ್ಟಲಿಗೆ ತಲೆಯಾಡಿಸಿದರು. ಚಿತ್ರ ಅಚ್ಚಿಗೆ ಹೋಗುವುದೇ ಖಂಡಿತ ಎಂದುಕೊಂಡೆ. ಕುಸುಮೊತೊ ಆಗಲೇ ಎದೆಯ ಜೇಬಿನಿಂದ ಸಹಿ ಹಾಕುವ ಪೆನ್ನು ತೆಗೆದಿದ್ದರು.

"ಶೆಡ್ಡಿನವರು ಏನಂತೀರಿ, ಫುಮಿಯೆ-ಸಾನ್?" ತಮಾಕಿ ಸುಮ್ಮನೆ ಮರ್ಯಾದೆಗೆ ಕೇಳಿದರು.

ಫುಮಿಯೆ ಕೆಟಲನ್ನು ಕೆಳಗಿಟ್ಟು, ಏಪ್ರನ್ ಜೇಬಿನಿಂದ ಮಚ್ಚೆಯ ಕಿತ್ತಳೆಯೊಂದನ್ನು ತೆಗೆದು ಚಿತ್ರದ ಪಕ್ಕ ಇಟ್ಟಳು.

"ಚಿತ್ರದ್ದು ನನ್ನ ಬೆಲ್ಟ್ ಮೇಲೆ ಬಂದಿದ್ರೆ, ಮೇಲಿನ ಕಣಿವೆಯವರು ಬೆಳೆಯೋ ಕೆಂಪು ಬಣ್ಣದ ಕಾಕಿ ಹಣ್ಣು ದಾರಿ ತಪ್ಪಿ ಬಂದಿದೆ ಅಂತ ವಾಪಸ್ ಕಳಿಸ್ತಿದ್ದೆ."

ತಮಾಕಿ ಆ ಹಣ್ಣನ್ನು ಎತ್ತಿ ಚಿತ್ರದ ಹತ್ತಿರ ಹಿಡಿದು, "ನನಗೂ ಹಾಗೇ ಅನ್ನಿಸಿತ್ತು," ಎಂದರು.

"ನನಗೂ," ಎಂದರು ಬಿಸುಪು ಕಂಡವರು.

ತಿದ್ದಿ ತರಲು ಹತ್ತು ದಿನ ಕೊಟ್ಟರು. ಮೂರನೆಯ ದಿನ ನಾನು ಮೂಲಂಗಿ ಉಪ್ಪಿನಕಾಯಿ ಕೊಡಲು ಹೋದಾಗ ಮೇಜಿನ ಮೇಲೆ ಬಲೆ ಕತ್ತರಿಸಿ ಬಿದ್ದಿತ್ತು.

"ಹಾಗಾದ್ರೆ ಅದು ಯಾವ ಬಣ್ಣ? ನೀನೇ ಹೇಳು," ಎಂದು ಕುಸುಮೊತೊ ಹೆಂಡತಿಗೆ ಹೇಳುತ್ತಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ, ನನಗೆ ತಿಳಿದ ಮಟ್ಟಿಗೆ, ಅವರು ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ಮೊದಲು ಹಳದಿ, ಪೂರ್ತಿ ಹಣ್ಣಿಗೆ. ತೊಟ್ಟಿನ ಸುತ್ತ ಹಸಿರು. ಅದು ಎಲ್ಲಿ ಮುಗೀತು ಅಂತ ಗೊತ್ತಾಗಬಾರದು. ಕಿತ್ತಳೆ ಆಮೇಲೆ. ನೆರಳಲ್ಲಿ ಅದು ಕೆಂಪಾಗಲ್ಲ ರೀ, ಕಂದು ಬಣ್ಣ ಆಗುತ್ತೆ."

"ನನ್ನ ಹತ್ರ ಹಸಿರಿಲ್ಲ. ಹಳದಿನೂ ಇಲ್ಲ."

"ಅಯ್ಯೋ, ಇಪ್ಪತ್ತೇಳು ಪೆನ್ನು ಇದೆಯಲ್ಲ!" ಎಂದಳು ಅವಳು, ನನ್ನ ಕಡೆ ನೋಡದೆ.

ಮರುದಿನ ಅವರು ಮತ್ತೆ ಬಸ್ಸು ಹತ್ತಿದರು. ಹೊಸ ಚಿತ್ರ ನಿಜವಾಗಿಯೂ ನಮ್ಮ ಹಣ್ಣಿನಂತಿತ್ತು. ಎಡಗೆನ್ನೆಯ ಮೇಲೆ ಮಚ್ಚೆ ಕೂಡ. ಅದು ಪೆಟ್ಟಿಗೆಯ ನಾಲ್ಕೂ ಬದಿಗೆ ಅಚ್ಚಾಯಿತು. ಬಂದವರಿಗೆಲ್ಲ ಕುಸುಮೊತೊ ಹೇಳುತ್ತಿದ್ದರು: "ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ. ಬರೀ ಕಿತ್ತಳೆ ಬಣ್ಣದಿಂದ ಕಿತ್ತಳೆ ಆಗಲ್ಲ. ಕಣ್ಣು ಬೇಕು." ತಮ್ಮ ಹೆಸರು ಎಲ್ಲರಿಗೂ ಮೊದಲು ಕಾಣಬೇಕೆಂದು, ಹಟ ಹಿಡಿದು ಅದನ್ನು ಮುಚ್ಚಳದ ಸರಿನಡುವೆ ದಪ್ಪಕ್ಷರದಲ್ಲಿ ಹಾಕಿಸಿದ್ದರು.

ಮುಂದಿನ ಅಕ್ಟೋಬರಿನಲ್ಲಿ ಅವರು ಶೆಡ್ಡಿಗೆ ನೋಡಲು ಬಂದರು. ಫುಮಿಯೆ ಪೆಟ್ಟಿಗೆ ತುಂಬಿ, ಮುಚ್ಚಳದ ಎರಡು ರೆಕ್ಕೆ ಮಡಚಿ, ಅವು ಕೂಡುವ ನಡುಗೆರೆಯ ಮೇಲೆ ಅಗಲವಾದ ಕಂದು ಟೇಪನ್ನು ಈ ಕೊನೆಯಿಂದ ಆ ಕೊನೆಗೆ ಎಳೆಯುತ್ತಿದ್ದಳು. ಹೆಸರಿನ ಒಂದಕ್ಷರವೂ ಹೊರಗೆ ಉಳಿಯುತ್ತಿರಲಿಲ್ಲ.

"ಸ್ವಲ್ಪ ಪಕ್ಕಕ್ಕೆ ಅಂಟಿಸೋಕೆ ಆಗಲ್ವಾ?" ಎಂದರು.

"ಬಾಯಿ ಇರೋದು ನಡುವೆ, ರೀ," ಎಂದು ಅವಳು ಮುಂದಿನ ಪೆಟ್ಟಿಗೆ ಎಳೆದುಕೊಂಡಳು. "ಅಲ್ಲೇ ಮುಚ್ಚಬೇಕು."