ಹಿಂದೆ ಸರಿದ ಹಸು

ಸಿಂಗಸಂದ್ರದಲ್ಲಿ ಬಾಡಿಗೆ ಮನೆ ಕೇಳಲು ಹೋದವರನ್ನು ವಠಾರದ ಒಡತಿ ಮುನಿಪಿಳ್ಳಮ್ಮ ಮೊದಲು ಕೇಳುವುದೇ “ಗೋಮುಕ ನೋಡಿದ್ದೀರಾ?” ಎಂದು. ನೋಡಿಲ್ಲವೆಂದರೆ ಮನೆ ಸಿಕ್ಕಿತೆಂದೇ ಲೆಕ್ಕ. ಆಕೆಗೆ ಕೇಳುವ ಕಿವಿ ಸಿಕ್ಕಿತಲ್ಲ! ಎಲೆಕ್ಟ್ರಾನಿಕ್ ಸಿಟಿಯ ಹೊಸ ಕಾರ್ಖಾನೆಗೆ ಓಡುತ್ತಿರುವ ಬಾಡಿಗೆಯವರಾದ ನಮ್ಮನ್ನು ಬೆರಣಿ ತಟ್ಟುವ ಕೈಯಲ್ಲೇ ತಡೆದು, ಹಿಮಾಲಯಕ್ಕೆ ಎರಡು ಸಲ ಹೋಗಿಬಂದ ಕಥೆ ಶುರುಮಾಡುತ್ತಾಳೆ. ಹೇಳಿದಷ್ಟೂ ಅಲ್ಲಿಯ ಚಳಿ ಹೆಚ್ಚುತ್ತದೆ. ಮೊನ್ನೆಯ ಆವೃತ್ತಿಯಲ್ಲಿ ಆಕೆಯ ಬೈಗುಳವೂ ಹೆಪ್ಪುಗಟ್ಟಿ ಕಾಲಮೇಲೆ ಬಿತ್ತಂತೆ. ಗಂಗೆ ಹುಟ್ಟುವ ಆ ಹಿಮದ ಗುಹೆಗೆ ಗೋಮುಖವೆಂಬ ಹೆಸರಿರುವುದರಿಂದ, ಹಾಲು ಕರೆದೇ ಬಾಳಿದ ಮುನಿಪಿಳ್ಳಮ್ಮನ ಪಾಲಿಗೆ ಅದು ನಿಜವಾದ ಹಸು. ಮೊದಲ ಸಲ ಗುಹೆಯ ಬಾಯಲ್ಲೇ ಆಕೆ ಕರ್ಪೂರ ಹಚ್ಚಿದ ಬಂಡೆಯ ಹತ್ತಿರ, ಎರಡನೆಯ ಸಲ ಹೋದಾಗ ಹಿಮವೇ ಇರಲಿಲ್ಲ. “ಅಸ ಇಂದಕ್ಕೋಗ್ಬುಟ್ಟದೆ ಕಣ್ರೀ!” ಭೂಮಿ ಬಿಸಿಯಾಗಿ ಹಿಮ ಕರಗುತ್ತಿದೆಯಂತೆ ಎಂದು ನಾನು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. “ಅದೇ ಮತ್ತೆ! ಬಿಸಿ ತಾಕುದ್ರೆ ಯಾವ್ ಅಸ ನಿಂತ್ಕತದೆ?” ಎಂದು ನನ್ನನ್ನೇ ಗದರಿದಳು. ಅಲ್ಲಿಂದ ತಂದ ಗಂಗೆಯ ತಾಮ್ರದ ಗಿಂಡಿ, ಮುಚ್ಚಳಕ್ಕೆ ಬೆಸುಗೆ ಹಾಕಿದ್ದು ಹಾಗೇ, ಆಕೆಯ ದೇವರ ಗೂಡಿನಲ್ಲಿದೆ. ತನ್ನ ಕೊನೆಯ ಗುಟುಕಿಗೆ ಅದೇ ಆಗಬೇಕೆಂದು ವಠಾರಕ್ಕೆಲ್ಲ ಸಾರಿದ್ದಳು. ಮೊನ್ನೆ ಆಕೆ ಹುಣಸೆಹಣ್ಣು ಹಚ್ಚಿ ಅದನ್ನು ಬೆಳಗುತ್ತಿದ್ದಾಗ, “ಇನ್ನೂ ನೂರು ವರ್ಷ ಅದನ್ನ ತೆಗೆಯೋ ಹಾಗಿಲ್ಲ ಬಿಡಿ” ಎಂದು ತಮಾಷೆ ಮಾಡಿದೆ. ಮುನಿಪಿಳ್ಳಮ್ಮ ನಗುತ್ತಲೇ ಗಿಂಡಿಯನ್ನು ಸೆರಗಿನಿಂದ ಒರೆಸಿದಳು. “ನನ್ ಬಾಯ್ಗೆ ಬೋರ್‌ವೆಲ್ ನೀರೇ ಸಾಕು ಕಣಪ್ಪ. ಯಾರಾನಾ ಆ ಕಡೆ ಓದ್ರೆ, ಇದ್ನ ಆ ಅಸೀಗೇ ವಾಪಸ್ ಕೊಟ್ಬುಡ್ರಪ್ಪ.”