ಎರಡೂ ದನಿ ನನ್ನವೇ

ಗೆಳೆಯರೇ, ಇವತ್ತು ನನ್ನ ಜೊತೆ ನಾನೇ ಅರ್ಧ ಗಂಟೆ ಹರಟೆ ಹೊಡೆದೆ. ಅದೂ ಶಾಲೆಯ ಕೆಲಸವೆಂದೇ.

ಥಾಯ್ಲೆಂಡಿನ ಈ ಸಣ್ಣ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಈಗ ಉಳಿದಿರುವವನು ನಾನೊಬ್ಬನೇ. ಇಂದು ಮಕ್ಕಳಿಗೆ ಸಂಭಾಷಣೆ ಕೇಳಿಸಿಕೊಂಡು ಉತ್ತರ ಬರೆಯುವ ಪರೀಕ್ಷೆ. ಪುಸ್ತಕದ ಆ ಸಂಭಾಷಣೆಯಲ್ಲಿ ಇಬ್ಬರು ಹಳೆಯ ಸ್ನೇಹಿತರು ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾಗುತ್ತಾರೆ. ಬೆಳಿಗ್ಗೆ ಶಾಲೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ರೆಕಾರ್ಡ್ ಮಾಡಲು ಕೂತೆ. ಒಬ್ಬನಿಗೆ ದಪ್ಪ ದನಿ, ಇನ್ನೊಬ್ಬನಿಗೆ ಕೀರಲು ದನಿ. ಪುಸ್ತಕದ ಮಾತು ಬೇಗ ಮುಗಿಯಿತು. ನಿಲ್ಲಿಸಲು ಮನಸ್ಸಾಗದೆ ಕನ್ನಡದಲ್ಲಿ ಮುಂದುವರಿಸಿದೆ. ನಂಜನಗೂಡಿನಿಂದ ಟಿ. ನರಸೀಪುರದವರೆಗೂ ಬಸ್ಸಿನಲ್ಲಿ ನಿಂತೇ ಬಂದೆ ಎಂದು ದಪ್ಪ ದನಿಯವನು ಗೊಣಗಿದ. ಬಾ, ಕಾಫಿ ಕುಡಿಯೋಣ ಎಂದು ಕೀರಲು ದನಿಯವನು ಕರೆದ.

ಪರೀಕ್ಷೆಯ ಮೊದಲ ಪ್ರಶ್ನೆ: ಎಷ್ಟು ಜನ ಮಾತನಾಡುತ್ತಿದ್ದಾರೆ? ಎಲ್ಲರೂ ಇಬ್ಬರು ಎಂದು ಬರೆದರು. ಒಬ್ಬ ಹುಡುಗಿ ಮಾತ್ರ ಒಬ್ಬರು ಎಂದು ಬರೆದಳು. ಪೇಪರ್ ಕೊಡುವಾಗ, "ಟೀಚರ್, ಅದು ನೀವೊಬ್ಬರೇ" ಅಂದಳು. ಪುಸ್ತಕದ ಉತ್ತರ ಇಬ್ಬರು ಎಂದೇ ಇದೆ. ತಪ್ಪು ಹಾಕಿದೆ.

ಸಂಜೆ ನಂಜನಗೂಡಿನಿಂದ ಅಕ್ಕನ ಫೋನ್ ಬಂತು.

"ಬೆಳಗ್ಗೆ ಫೋನ್ ಮಾಡುದ್ರೆ ಎತ್ನಿಲ್ವಲ್ಲಾ, ಯಾರ್ ಜೊತೆ ಮಾತಾಡ್ತಿದ್ದೆ?"

"ನಮ್ ಕಡೆಯೋನು ಒಬ್ಬ ಸಿಕ್ಕಿದ್ದ ಕಣಕ್ಕ."

"ಸದ್ಯ ಕಣ್ಲಾ! ಮಾತಾಡಕ್ಕೆ ಒಬ್ನಾದ್ರೂ ಸಿಕ್ಕುದ್ನಲ್ಲ ಅಲ್ಲಿ!"

ನಿಜ ಹೇಳಲು ಹೋಗಲಿಲ್ಲ. ಹೇಗಿದ್ದರೂ ತರಗತಿಯ ಬಹುಮತ ನನ್ನ ಕಡೆಗಿದೆ.