ಪುಕ್ಕದ ಡಾಕ್ಟರು

ಕೋಳಿ ಮಾರುಕಟ್ಟೆಯವರು ಅವಳಿಗೆ ಇಟ್ಟ ಹೆಸರು ಪುಕ್ಕದ ಡಾಕ್ಟರು. ಕೋಳಿ ಸತ್ತ ಮೇಲೆ ಬರುವ ಡಾಕ್ಟರು ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಹುಟ್ಟಿ ಬೆಳೆದದ್ದೇ ಆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ಅಪ್ಪ ಅಲ್ಲಿ ಕೋಳಿ ಕೊಯ್ಯುವವನು. ಮನೆಗೆ ಬಂದರೆ ಅವನ ಹುಬ್ಬಿನಲ್ಲೂ ಒಂದೆರಡು ಪುಕ್ಕ ಅಂಟಿರುತ್ತಿದ್ದವು. ಕಿತ್ತ ಪುಕ್ಕವನ್ನೆಲ್ಲ ಮೋರಿಯ ಪಕ್ಕ ಸುರಿಯುತ್ತಿದ್ದರು. ಅದು ಬೇಗ ಕೊಳೆಯುವ ಜಾತಿಯದಲ್ಲ. ರಾಶಿ ಹೆಚ್ಚಾದಾಗ ಬೆಂಕಿ ಇಡುತ್ತಿದ್ದರು. ಅಪ್ಪನಿಗೆ ಕೆಮ್ಮು ಗಂಟುಬಿದ್ದದ್ದು ಆ ಹೊಗೆಯಿಂದಲೇ.

ಮಗಳು ಸೂಕ್ಷ್ಮಜೀವಿಗಳ ವಿಷಯ ಓದಿ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದಾಗ ಅಪ್ಪ ಹಿರಿಹಿರಿ ಹಿಗ್ಗಿದ. ಅಲ್ಲಿ ಅವಳು ಆರಿಸಿಕೊಂಡದ್ದು ಪುಕ್ಕ ಕರಗಿಸುವ ಕೆಲಸ ಎಂದು ತಿಳಿದಾಗ ಮಾತ್ರ ಮುಖ ಸಣ್ಣದಾಯಿತು.

“ಈ ಗಲೀಜಿಂದ ಆಚೆ ಹೋಗ್ಲಿ ಅಂತ ಓದಿಸಿದೆ. ನೀನು ಅದನ್ನೇ ತಲೆ ಮೇಲೆ ಹೊತ್ಕೊಂಡ್ಯಲ್ಲಮ್ಮ.”

ಅವಳು ಅವನ ಹುಬ್ಬಿಗೆ ಅಂಟಿದ್ದ ಪುಕ್ಕವೊಂದನ್ನು ಬಿಡಿಸಿ ತೆಗೆದಳು.

ಪುಕ್ಕ ಸುಲಭಕ್ಕೆ ಜಗ್ಗುವುದಿಲ್ಲ. ನಮ್ಮ ಉಗುರು, ಕೂದಲಿನ ಹಾಗೆ ಅದರಲ್ಲೂ ಎಳೆಗೆ ಎಳೆ ಗಂಟು ಬಿದ್ದಿರುತ್ತದೆ. ಅವಳು ಮೋರಿ ಪಕ್ಕದ ರಾಶಿಯ ಅಡಿಯಿಂದಲೇ ಮಣ್ಣು ತಂದು, ಅದರಲ್ಲಿದ್ದ ಜೀವಿಗಳನ್ನು ಬೇರ್ಪಡಿಸಿ, ಮೂರು ಬಗೆಯವನ್ನು ಒಂದೇ ಸಂಸಾರಕ್ಕೆ ಹಾಕಿದಳು. ಮೊದಲನೆಯದು ಗಂಟು ಬಿಚ್ಚಬೇಕು, ಎರಡನೆಯದು ಎಳೆ ತುಂಡರಿಸಬೇಕು, ಆಗ ಹುಟ್ಟುವ ಅಮೋನಿಯಾವನ್ನು ಮೂರನೆಯದು ತಿಂದು ಉಳಿದವುಗಳ ಜೀವ ಕಾಯಬೇಕು. ಗಾಜಿನ ಸೀಸೆಯಲ್ಲಿ ಸಂಸಾರ ಸಲೀಸಾಗಿ ಸಾಗಿತು. ಪುಕ್ಕ ಕಂದು ನೀರಾಯಿತು. ಹಿರಿಯ ವಿಜ್ಞಾನಿಗಳು ಬೆನ್ನು ತಟ್ಟಿದರು.

ಮಾರುಕಟ್ಟೆಯ ಹಿಂದೆ ದೊಡ್ಡ ಟ್ಯಾಂಕು ಇಡಿಸಿದಾಗ ಎಡವಟ್ಟಾಯಿತು. ಹುರುಪಿನಲ್ಲಿ ಅವಳು ಒಂದೇ ಸಲಕ್ಕೆ ಟ್ಯಾಂಕು ತುಂಬ ಪುಕ್ಕ ಹಾಕಿಸಿದ್ದಳು. ತುಂಡರಿಸುವ ಜೀವಿಗಳು ಮೇವು ಕಂಡು ಎದ್ವಾತದ್ವಾ ಬೆಳೆದವು. ನಿಧಾನದ ಮೂರನೆಯದಕ್ಕೆ ಅವುಗಳ ವೇಗ ಹಿಡಿಯಲಾಗಲಿಲ್ಲ. ಅಮೋನಿಯಾ ಏರಿ ಎಲ್ಲವೂ ಸತ್ತವು. ಗಬ್ಬು ವಾಸನೆ ಓಣಿಯ ಮನೆಮನೆಗೂ ನುಗ್ಗಿತು.

ಓಣಿಯವರು ಬಾಗಿಲಿಗೆ ಬಂದು ಅಪ್ಪನನ್ನು ತರಾಟೆಗೆ ತೆಗೆದುಕೊಂಡರು. ಮಗಳಿಗೆ ಹೇಳಿ ಅದನ್ನು ಎತ್ತಿಸು ಎಂದರು. ಅವಳು ಒಳಗಿನಿಂದ ಕೇಳಿಸಿಕೊಳ್ಳುತ್ತ, ಅಪ್ಪ ಹೂಂಗುಡುತ್ತಾನೆ ಎಂದುಕೊಂಡಳು. ಅಪ್ಪ ಕೆಮ್ಮು ನಿಲ್ಲುವವರೆಗೆ ಕಾದು, “ಇಷ್ಟು ವರ್ಷ ಹೊಗೆ ಕುಡಿದ್ರಲ್ಲ, ಇನ್ನು ಸ್ವಲ್ಪ ದಿನ ವಾಸನೆ ಕುಡೀರಿ” ಎಂದ.

ಒಳಗೆ ಬಂದವನು ದನಿ ತಗ್ಗಿಸಿ ಕೇಳಿದ. “ಸರಿ ಹೋಗುತ್ತಾ?”

“ಗೊತ್ತಿಲ್ಲಪ್ಪ.”

“ಅದನ್ನ ಅವರ ಹತ್ರ ಹೇಳ್ಬೇಡ.”

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಟ್ಯಾಂಕು ಬರಿದು ಮಾಡಿ ತೊಳೆಸಿದಳು. ಈ ಸಲ ನಿಧಾನದ ಜೀವಿಯನ್ನು ಮೊದಲು ಬೆಳೆಸಿ, ಅದು ಬೇರೂರಿದ ಮೇಲೆ ಉಳಿದೆರಡನ್ನು ಬಿಟ್ಟಳು. ಪುಕ್ಕವನ್ನು ದಿನಕ್ಕಿಷ್ಟು ಎಂದು ಬುಟ್ಟಿಯಲ್ಲಿ ಹಾಕಿಸಿದಳು. ವಾಸನೆ ಒಮ್ಮೆಗೇ ಹೋಗಲಿಲ್ಲ. ಆದರೆ ಬೈಯುವವರ ದನಿ ದಿನದಿನಕ್ಕೆ ಇಳಿಯಿತು. ದಪ್ಪ ಗರಿಗಳ ಕಡ್ಡಿ ಇನ್ನೂ ಪೂರ್ತಿ ಕರಗುವುದಿಲ್ಲ, ಸೋಸಿ ಮತ್ತೆ ಟ್ಯಾಂಕಿಗೇ ಹಾಕಬೇಕು. ಕಂದು ನೀರನ್ನು ಗಿಡಗಳಿಗೆ ಹಾಕಲು ತೋಟದವರು ಕ್ಯಾನು ತಂದು ಒಯ್ಯುತ್ತಾರೆ. ಮೋರಿ ಪಕ್ಕದ ರಾಶಿ ಕರಗಿ ನೆಲ ಕಂಡಾಗ ಓಣಿಯವರು ಅಲ್ಲಿ ಸೈಕಲ್ಲು ನಿಲ್ಲಿಸತೊಡಗಿದರು.

ಅಪ್ಪನ ಕೆಮ್ಮು ಹೋಗಲಿಲ್ಲ. ಶ್ವಾಸಕೋಶ ಮೊದಲಿನಂತಾಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಆ ಸಂಕಟ ಅವಳನ್ನು ಈಗಲೂ ಬಿಟ್ಟಿಲ್ಲ. ಆದರೆ ಓಣಿಯಲ್ಲಿ ಈಗ ಪುಕ್ಕಕ್ಕೆ ಬೆಂಕಿ ಇಡುವವರಿಲ್ಲ. ಸಂಜೆ ಅವಳು ಬರುವಷ್ಟರಲ್ಲಿ ಅಪ್ಪ ಕಿಟಕಿ ತೆರೆದು, ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ.